ಅಡಿಗಲ್ಲು ಒಂದೇ, ಹಣ್ಣು ಬೇರೆ

ಮುಂಬಯಿಯ ಪರೇಲ್‌ನ ಹಳೆಯ ಗಿರಣಿ ಜಾಗದಲ್ಲಿ ಬಹುಮಹಡಿ ಕಟ್ಟಡಕ್ಕೆ ಪಾಯ ತೋಡಿದರೆ ಕೊನೆಗೆ ಸಿಗುವುದು ದಖ್ಖನ್ ಲಾವಾದ ಕಲ್ಲು. ಇಲ್ಲಿಂದ ಸುಮಾರು 170 ಕಿ.ಮೀ. ದೂರದ ನಾಸಿಕ್‌ನಲ್ಲಿ ಸೂಲಾ ಕಂಪನಿ ‘ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್’ ಎಂಬ ಸಿಹಿ ವೈನ್ ತಯಾರಿಸುತ್ತದೆ. ಅಲ್ಲಿನ ದ್ರಾಕ್ಷಿ ತೋಟಗಳ ಅಡಿಯಲ್ಲಿರುವುದೂ ಇದೇ ಲಾವಾ. ಇತ್ತ ದೊಡ್ಡಬಳ್ಳಾಪುರದ ಗ್ರೋವರ್ ತೋಟಗಳದು ಪೂರಾ ಬೇರೆ ಶಿಲೆಯಿಂದ ಹುಟ್ಟಿದ ಕೆಮ್ಮಣ್ಣು. ಅಲ್ಲೂ ಒಳ್ಳೆಯ ವೈನ್ ಆಗುತ್ತದೆ. ವೈನ್ ಬಲ್ಲವರು ಮಾತೆತ್ತಿದರೆ ಮಣ್ಣಿನ ಮಹಿಮೆ ಹಾಡುತ್ತಾರೆ. ಕಲ್ಲೇ ಎಲ್ಲ ತೀರ್ಮಾನಿಸುವುದಾಗಿದ್ದರೆ ದೊಡ್ಡಬಳ್ಳಾಪುರ ಸೋತು ಪರೇಲ್ ಗೆಲ್ಲಬೇಕಿತ್ತು. (ಇಲ್ಲಿನ ಚದರ ಅಡಿಯ ಬೆಲೆ ಕೇಳಿದರೆ ಬಳ್ಳಿ ತಾನಾಗಿಯೇ ಒಣಗೀತು, ಆ ಮಾತು ಬೇರೆ.)

ಗೆಲ್ಲಿಸುವುದು ರಾತ್ರಿಯ ಚಳಿ. ಸಿಹಿ ವೈನಿಗೆ ಸಕ್ಕರೆಯಷ್ಟೇ ಹುಳಿಯೂ ಬೇಕು, ಇಲ್ಲವಾದರೆ ಅದು ಬರೀ ಪಾಕ. ಹಗಲಿನ ಬಿಸಿಲಲ್ಲಿ ಎಲೆಗಳು ಸಕ್ಕರೆ ಕಟ್ಟುತ್ತವೆ. ಬೆಚ್ಚಗಿನ ರಾತ್ರಿಯಲ್ಲಿ ಹಣ್ಣು ತನ್ನ ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಸುಡುತ್ತ ಹೋಗುತ್ತದೆ. ಸುಮಾರು 600 ಮೀಟರ್ ಎತ್ತರದ ನಾಸಿಕ್‌ನಲ್ಲಿ ಚಳಿಗಾಲದ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು, ಹುಳಿ ಉಳಿಯುತ್ತದೆ. ಕಡಲು ಕಾವು ಹಿಡಿದಿಡುವ ಪರೇಲ್‌ನಲ್ಲಿ ಜನವರಿಯಲ್ಲೂ 15ಕ್ಕಿಂತ ಕೆಳಗಿಳಿದರೆ ಸುದ್ದಿಯಾಗುತ್ತದೆ.

ಬಳ್ಳಿ ಸವರುವ ಚಾಟ್ನಿಯ ಕತ್ತರಿ ಇರುವಾಗ ಜಾಗದ ಹಂಗೇಕೆ ಎಂದು ಕೇಳಬಹುದು. ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ ಬಳ್ಳಿ ಸವರಿ, ಹಣ್ಣು ಫೆಬ್ರವರಿ–ಮಾರ್ಚ್‌ಗೆ ಬರುವಂತೆ ಮಾಡುವವನು ರೈತನೇ, ನಿಜ. ಆದರೆ ಕತ್ತರಿ ಹಣ್ಣಾಗುವ ಕಾಲವನ್ನು ಚಳಿಯ ತಿಂಗಳಿಗೆ ಸರಿಸಬಲ್ಲುದೇ ಹೊರತು ಚಳಿಯನ್ನೇ ತಂದುಕೊಡಲಾರದು. ಹಾಗಾದರೆ ಮಣ್ಣಿನ ಪಾತ್ರವೇ ಇಲ್ಲವೇ? ಇದೆ, ಆದರೆ ಅದರ ಕೆಲಸ ರುಚಿ ತುಂಬುವುದಲ್ಲ, ನೀರು ಅಳೆದು ಕೊಡುವುದು. ಅಪ್ಪಟ ಎರೆಮಣ್ಣು ಮಳೆಗೆ ಉಬ್ಬಿ ಬೇರಿನ ಉಸಿರು ಕಟ್ಟಿಸುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಗರಸು ಬೆರೆತ ಇಳಿಜಾರಿನಲ್ಲಿ ನೀರು ಬಸಿದುಹೋಗುತ್ತದೆ, ಕಾಯಿ ಚಿಕ್ಕದಾಗಿ ರಸ ಗಟ್ಟಿಯಾಗುತ್ತದೆ. ಆ ಎರೆಮಣ್ಣೂ ಜಾಗದ ಕೂಸೇ: ಸಹ್ಯಾದ್ರಿಯ ಮಳೆನೆರಳಿನಲ್ಲಿ ಮಳೆ ಕಡಿಮೆಯಾದ್ದರಿಂದ ಕಲ್ಲಿನ ಸುಣ್ಣದಂಶ ತೊಳೆದುಹೋಗದೆ ಉಳಿದು ಜೇಡಿ ಕಪ್ಪಾಗಿ ನಿಂತಿದೆ, ಅದೇ ಕಲ್ಲು ಕೊಂಕಣದ ಭಾರೀ ಮಳೆಗೆ ಸಿಕ್ಕಲ್ಲಿ ಜಂಬಿಟ್ಟಿಗೆಯಾಗಿದೆ.

ಫ್ರಾನ್ಸಿನ ಸೋಟರ್ನ್‌ನಲ್ಲಿ ಸಿಹಿಯ ದಾರಿಯೇ ಬೇರೆ. ಸಿರೋನ್ ಹೊಳೆಯ ತಣ್ಣೀರು ಗರೋನ್ ನದಿಯ ಬೆಚ್ಚನೆಯ ನೀರಿಗೆ ಸೇರುವಲ್ಲಿ ಶರತ್ಕಾಲದ ಬೆಳಗಿಗೆ ಮಂಜು ಏಳುತ್ತದೆ, ಬೊಟ್ರೈಟಿಸ್ ಶಿಲೀಂಧ್ರ ಹಣ್ಣಿನ ಸಿಪ್ಪೆ ತೂತಾಗಿಸುತ್ತದೆ, ಮಧ್ಯಾಹ್ನದ ಬಿಸಿಲು ನೀರು ಹೀರುತ್ತದೆ. ನಾಸಿಕ್‌ನ ಮಾರ್ಚ್ ಗಾಳಿಯಲ್ಲಿ ಆ ತೇವವಿಲ್ಲ. ಅಲ್ಲಿ ಹಣ್ಣನ್ನು ಬಳ್ಳಿಯಲ್ಲೇ ಇನ್ನಷ್ಟು ದಿನ ಬಿಟ್ಟು ಸುಕ್ಕಾಗಿಸುತ್ತಾರೆ.