ಒಂದೇ ದೋಣಿ, ಮೂರು ಕೆಲಸ

ಕಾರು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, ಮೈಲೇಜು ಎಷ್ಟು ಎಂಬುದು. ದೋಣಿ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಇದರೊಳಗೆ ನೀರು ತುಂಬಿದರೆ ಏನಾಗುತ್ತದೆ?

ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಮೂರು ಕಡೆಯೂ ಸಮುದ್ರ. ಅಲ್ಲಿ ಅನೇಕ ಮನೆಗಳ ಮುಂದೆ ಕಾರಿನ ಪಕ್ಕದಲ್ಲೇ ಟ್ರೇಲರಿನ ಮೇಲೆ ಒಂದು ದೋಣಿ ನಿಂತಿರುತ್ತದೆ. 20ರಿಂದ 26 ಅಡಿ ಉದ್ದ, ಫೈಬರ್‌ಗ್ಲಾಸ್ ಒಡಲು, ಹಿಂಬದಿಯ ಹಲಗೆಗೆ ಹೊರಗಿನಿಂದ ತಗುಲಿಸಿದ ಔಟ್‌ಬೋರ್ಡ್ ಎಂಜಿನ್. ಶನಿವಾರ ಮೀನು ಹಿಡಿಯಲು, ಭಾನುವಾರ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗಲು, ರಜೆ ಬಂದರೆ ತೀರದುದ್ದಕ್ಕೂ ಸುತ್ತಾಡಲು ಇದೊಂದೇ ದೋಣಿ.

ಇಂಥ ದೋಣಿ ಕೊಳ್ಳುವವರು ನಮ್ಮಲ್ಲಿ ವಿರಳ. ಆದರೂ ಈ ಆಯ್ಕೆಯ ಹಿಂದಿನ ಲೆಕ್ಕ ತಿಳಿದಿರುವುದು ಒಳ್ಳೆಯದು. ಓದಲು, ದುಡಿಯಲು ಹೋದ ನಮ್ಮ ಮಕ್ಕಳು ಅಲ್ಲಿ ಗೆಳೆಯರ ದೋಣಿ ಹತ್ತುತ್ತಾರೆ. ಇಲ್ಲಿಯೂ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗಲೆಂದು ಹೋಗುವ ಯುವಕ ಯುವತಿಯರಿದ್ದಾರೆ. ಮೇಲಾಗಿ ಈ ಲೆಕ್ಕಕ್ಕೆ ಬೇಕಾದುದು ಪ್ರೌಢಶಾಲೆಯ ಭೌತಶಾಸ್ತ್ರ, ಅಷ್ಟೇ.

ತಳದ ಆಕಾರ

ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ಸಹಜ ವೇಗಮಿತಿ ಇದೆ. ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವುದೇ ಸುಮಾರಾಗಿ ಆ ವೇಗ, ನಾಟ್‌ಗಳಲ್ಲಿ. ಉದ್ದ 20 ಅಡಿ ಇದ್ದರೆ ಉತ್ತರ 6 ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಅದಕ್ಕಿಂತ ವೇಗವಾಗಿ ಹೋಗಬೇಕಾದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ, ನೀರಿನ ಮೇಲೆ ಜಾರಬೇಕು. ಕೆರೆಯ ಮೇಲೆ ಬೀಸಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಚಿಮ್ಮುತ್ತಾ ಸಾಗುವುದನ್ನು ನೆನಪಿಸಿಕೊಳ್ಳಿ.

ಜಾರಲು ಚಪ್ಪಟೆ ತಳವೇ ಸುಲಭ. ಆದರೆ ಅಲೆಯಿದ್ದಾಗ ಚಪ್ಪಟೆ ತಳ ನೀರಿಗೆ ಬಡಿದು ಕುಳಿತವರ ಬೆನ್ನು ನೋಯಿಸುತ್ತದೆ. ಇಂಗ್ಲಿಷಿನ 'ವಿ' ಅಕ್ಷರದಂತೆ ಚೂಪಾದ ತಳ ಅಲೆಯನ್ನು ಮೆತ್ತಗೆ ಕತ್ತರಿಸುತ್ತದೆ. ಅಮೆರಿಕದ ವಿನ್ಯಾಸಕಾರ ರೇ ಹಂಟ್ ಇದನ್ನು ಜಗತ್ತಿಗೆ ತೋರಿಸಿಕೊಟ್ಟ. ಆತನ ವಿನ್ಯಾಸದ 'ಮಾಪಿ' ಎಂಬ 31 ಅಡಿಯ ದೋಣಿ 1960ರ ಮಯಾಮಿ-ನಸ್ಸಾವು ಪಂದ್ಯವನ್ನು ಒರಟು ಸಮುದ್ರದಲ್ಲೇ ಗೆದ್ದಿತು. ಅದರ ತಳ ಎರಡೂ ಬದಿಗೆ ಸುಮಾರು 24 ಡಿಗ್ರಿ ಮೇಲೇರುತ್ತಿತ್ತು.

ಹಾಗಾದರೆ ಚೂಪು ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ಚೂಪಾದ ತಳದ ದೋಣಿ ನಿಂತಲ್ಲಿ ಹೆಚ್ಚು ತೊನೆಯುತ್ತದೆ, ಅದನ್ನು ಜಾರಿಸಲು ಹೆಚ್ಚು ಶಕ್ತಿ ಬೇಕು. ಮೀನು ಹಿಡಿಯುವವರೂ ಮುಳುಗುವವರೂ ಬಹುಪಾಲು ಸಮಯ ದೋಣಿ ನಿಲ್ಲಿಸಿಯೇ ಇರುತ್ತಾರೆ. ದೂರ ಸುತ್ತುವವರು ಬಹುಪಾಲು ಸಮಯ ಓಡಿಸುತ್ತಲೇ ಇರುತ್ತಾರೆ. ಆದ್ದರಿಂದಲೇ ಮೂರೂ ಕೆಲಸಕ್ಕೆ ಬೇಕಾದವರು ನಡುವಿನ ಕೋನವನ್ನು ಆರಿಸುತ್ತಾರೆ. ಮೂತಿಯಲ್ಲಿ ಚೂಪು, ಹಿಂದೆ ಹೋದಂತೆ ಚಪ್ಪಟೆಯಾಗುವ ತಳ ಬೇಕೆನ್ನುತ್ತಾರೆ.

ಅಗಲದ ಮಹಿಮೆ

ಅಕ್ಕಪಕ್ಕ ವಾಲದೆ ನಿಲ್ಲುವ ಗುಣ ಉದ್ದಕ್ಕಿಂತ ಅಗಲವನ್ನು ಹೆಚ್ಚು ಅವಲಂಬಿಸಿದೆ. ಉದ್ದ ಮತ್ತು ತೂಕ ಅಷ್ಟೇ ಇದ್ದರೆ, ತುಸು ವಾಲಿದಾಗ ದೋಣಿಯ ಆಕಾರ ಅದನ್ನು ನೆಟ್ಟಗೆ ಮಾಡುವ ಬಲ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. 7 ಅಡಿ ಅಗಲವನ್ನು ಎಂಟೂವರೆ ಅಡಿ ಮಾಡಿದರೆ ಅಗಲ ಹೆಚ್ಚಿದ್ದು ಸುಮಾರು ಶೇ. 21. ಆ ಬಲವಾದರೋ ಸುಮಾರು ಶೇ. 79ರಷ್ಟು ಹೆಚ್ಚುತ್ತದೆ. ವಿದ್ಯಾರ್ಥಿಗಳು ಗುಣಿಸಿ ನೋಡಬಹುದು.

ಈ ಗಾತ್ರದ ಎಷ್ಟೋ ದೋಣಿಗಳ ಅಗಲ ಎಂಟೂವರೆ ಅಡಿಯೇ ಇರುವುದೇಕೆ? ಅದನ್ನು ನಿಶ್ಚಯಿಸಿದ್ದು ಸಮುದ್ರವಲ್ಲ, ರಸ್ತೆ. ವಿಶೇಷ ಪರವಾನಗಿ ಇಲ್ಲದೆ ಅಮೆರಿಕದ ಹೆದ್ದಾರಿಗಳಲ್ಲಿ ಟ್ರೇಲರಿನಲ್ಲಿ ಎಳೆದೊಯ್ಯಲು ಸಾಮಾನ್ಯವಾಗಿ ಇರುವ ಮಿತಿ ಅದು.

ಸ್ಥಿರತೆಗೆ ಅಗಲ ಸಾಲದು, ತೂಕ ಎಲ್ಲಿದೆ ಎಂಬುದೂ ಮುಖ್ಯ. ಮುಳುಗುವವರ ಸಿಲಿಂಡರನ್ನೇ ನೋಡಿ. ಅದರಲ್ಲಿರುವುದು ಆಮ್ಲಜನಕ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಇರುವುದು ಒತ್ತಡದಲ್ಲಿ ತುಂಬಿದ ಮಾಮೂಲಿ ಗಾಳಿ. ಒಂದು ಸಿಲಿಂಡರಿನಲ್ಲಿ ಸುಮಾರು 2,200 ಲೀಟರ್ ಗಾಳಿ ಹಿಡಿಸುತ್ತಾರೆ. ಆ ಗಾಳಿಯ ತೂಕವೇ ಎರಡೂವರೆ ಕಿಲೋಗೂ ಹೆಚ್ಚು! ಲೋಹವೂ ಸೇರಿದರೆ ಸಿಲಿಂಡರಿನ ತೂಕ 16-17 ಕಿಲೋ. ಆರು ಜನರಿಗೆ ಹನ್ನೆರಡು ಸಿಲಿಂಡರ್ ಇಟ್ಟರೆ 200 ಕಿಲೋ. ಅವನ್ನು ತಳದ ಮಟ್ಟದಲ್ಲಿ, ನಡುವಿನಲ್ಲಿ, ಜಾರದಂತೆ ಕಟ್ಟಲು ಜಾಗವಿರಬೇಕು. ನೀರಿನಿಂದ ಹತ್ತಲು ಗಟ್ಟಿಯಾದ ಏಣಿಯೂ ಬೇಕು. ದಣಿದವನು ಏಣಿಯಿಲ್ಲದೆ ದೋಣಿ ಹತ್ತಲಾರ.

ಮೀನು ಹಿಡಿಯುವವರಿಗೆ ಸುತ್ತಲೂ ನಡೆದಾಡುವಷ್ಟು ತೆರೆದ ಅಟ್ಟ ಬೇಕು. ದೂರ ಸುತ್ತುವವರಿಗೆ ಮಲಗಲು ಗೂಡು ಬೇಕು. ಗೂಡು ದೊಡ್ಡದಾದಷ್ಟೂ ಅಟ್ಟ ಚಿಕ್ಕದು, ತೂಕ ಮೇಲೆ, ಗಾಳಿಯ ಹೊಡೆತವೂ ಹೆಚ್ಚು. ಆದ್ದರಿಂದ ಇಬ್ಬರು ಮಲಗುವಷ್ಟೇ ಪುಟ್ಟ ಗೂಡನ್ನು ಮುಂಭಾಗದಲ್ಲಿಟ್ಟು ಉಳಿದದ್ದನ್ನು ತೆರೆದಿಡುವುದು ಜಾಣತನ.

ಎಂಜಿನ್ ಮತ್ತು ಇಂಧನ

ಔಟ್‌ಬೋರ್ಡ್ ಎಂಜಿನನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್ರೂಡ್. ಬಿಸಿಲಿನ ಒಂದು ದಿನ ಪ್ರೇಯಸಿಗಾಗಿ ಐಸ್‌ಕ್ರೀಮ್ ತರಲು ಸರೋವರದಲ್ಲಿ ಹುಟ್ಟು ಹಾಕುತ್ತಾ ಹೋದನಂತೆ. ಮರಳುವಷ್ಟರಲ್ಲಿ ಅದು ಕರಗಿಹೋಗಿತ್ತಂತೆ. ಅದರಿಂದಲೇ ಎಂಜಿನಿನ ಯೋಚನೆ ಹೊಳೆಯಿತೆಂದು ಕಥೆ. 1909ರಲ್ಲಿ ಆತ ಮಾರಾಟಕ್ಕಿಟ್ಟ ಎಂಜಿನಿನ ಶಕ್ತಿ ಒಂದೂವರೆ ಅಶ್ವಶಕ್ತಿ. ಇಂದು 23 ಅಡಿಯ ದೋಣಿಗೆ 200 ಅಶ್ವಶಕ್ತಿ ಸಾಮಾನ್ಯ.

ಇಷ್ಟು ಶಕ್ತಿಗೆ ತೆರಬೇಕಾದ ಬೆಲೆ ಕೇಳಿದರೆ ನಮ್ಮ ಪೋಷಕರು ಬೆಚ್ಚಬಹುದು. ಹದವಾದ ವೇಗದಲ್ಲಿ ಗಂಟೆಗೆ ಸುಮಾರು 40 ಲೀಟರ್ ಪೆಟ್ರೋಲು ಉರಿದು ಸುಮಾರು 45 ಕಿಲೋಮೀಟರ್ ಸಾಗುತ್ತದೆ. ಲೀಟರಿಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಸಮುದ್ರದಲ್ಲಿ ಪೆಟ್ರೋಲ್ ಬಂಕ್ ಇಲ್ಲ. ಆದ್ದರಿಂದ ಅನುಭವಿಗಳದ್ದು ಮೂರು ಪಾಲಿನ ಲೆಕ್ಕ. ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಆಪತ್ತಿಗೆ. 300 ಲೀಟರ್ ಟ್ಯಾಂಕಿದ್ದರೂ ಹೋಗಲು ಬಳಸಬಹುದಾದ್ದು 100 ಲೀಟರ್ ಮಾತ್ರ.

ಎಂಜಿನ್ ಒಂದು ಸಾಕೇ, ಎರಡು ಬೇಕೇ? ಎರಡಿದ್ದರೆ ಒಂದು ಕೆಟ್ಟರೂ ದಡ ಸೇರಬಹುದು ನಿಜ. ಆದರೆ ಎರಡೂ ಒಂದೇ ಟ್ಯಾಂಕಿನ ಪೆಟ್ರೋಲು ಕುಡಿಯುವುದಾದರೆ, ಅದರಲ್ಲಿ ನೀರು ಸೇರಿದಾಗ ಎರಡೂ ಒಟ್ಟಿಗೇ ನಿಲ್ಲುತ್ತವೆ. ಒಂದು ದೊಡ್ಡ ಎಂಜಿನ್, ಜೊತೆಗೆ ಬೇರೆ ಟ್ಯಾಂಕಿನ ಪುಟ್ಟ ಎಂಜಿನ್ ಇಡುವುದು ಅಗ್ಗದ ಉಪಾಯ.

ಹಳೆಯ ದೋಣಿಗೆ ಹೊಸ ಎಂಜಿನ್ ಹಾಕುವವರು ಇನ್ನೊಂದನ್ನು ಗಮನಿಸಬೇಕು. ಈಗಿನ 200 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ ಇನ್ನೂರು ಕಿಲೋಗೂ ಹೆಚ್ಚು ತೂಗುತ್ತದೆ. ಹಳೆಯ ಎಂಜಿನ್ ಹಗುರವಾಗಿದ್ದರೆ ದೋಣಿಯ ಹಿಂಬದಿ ಈಗ ಹೆಚ್ಚು ತಗ್ಗುತ್ತದೆ. ಅಟ್ಟದ ಮೇಲಿನ ನೀರು ಹೊರಹೋಗಲೆಂದು ಇಟ್ಟ ಕಿಂಡಿಗಳಿಂದ ಸಮುದ್ರವೇ ಒಳಗೆ ಬರಬಹುದು.

ಕಾಣದ ಭಾಗವೇ ಪ್ರಾಣ

ಈಗ ಮೊದಲ ಪ್ರಶ್ನೆಗೆ ಬರೋಣ. ಫೈಬರ್‌ಗ್ಲಾಸ್ ನೀರಿಗಿಂತ ಭಾರ. ಮರದ ಹಲಗೆಯಂತೆ ಅದು ತಾನಾಗಿ ತೇಲುವುದಿಲ್ಲ. ಎಂಜಿನ್ ಅಂತೂ ಮುಳುಗುವುದೇ. ದೋಣಿಯ ಎರಡು ಪದರಗಳ ನಡುವೆ ಹಗುರ ಫೋಮ್ ತುಂಬಿದರೆ ಮಾತ್ರ ನೀರು ತುಂಬಿದ ಮೇಲೂ ಅದು ತೇಲೀತು. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸುಮಾರು 1,025 ಕಿಲೋ. ಅಷ್ಟೇ ಗಾತ್ರದ ಫೋಮ್ ಸುಮಾರು 30 ಕಿಲೋ ಇರಬಹುದು. ಉಳಿದ ಸುಮಾರು 1,000 ಕಿಲೋ, ಆರ್ಕಿಮಿಡೀಸ್ ನಮಗೆ ಕೊಡುವ ಆಸರೆ. 1958ರಲ್ಲಿ ಬಂದ ಬಾಸ್ಟನ್ ವೇಲರ್ ದೋಣಿ ಹೆಸರಾದದ್ದು ಇದರಿಂದಲೇ. 1961ರ 'ಲೈಫ್' ಪತ್ರಿಕೆಯಲ್ಲಿ ಆ ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡಿದರೂ ತುಂಡುಗಳು ತೇಲುತ್ತಿದ್ದ ಚಿತ್ರಗಳು ಪ್ರಕಟವಾದವು.

ಅಮೆರಿಕದ ಕಾನೂನಿನ ಪ್ರಕಾರ 20 ಅಡಿಗಿಂತ ಚಿಕ್ಕದಾದ ಮಾಮೂಲಿ ಔಟ್‌ಬೋರ್ಡ್ ದೋಣಿ ನೀರು ತುಂಬಿದರೂ ಮಟ್ಟಸವಾಗಿ ತೇಲಲೇಬೇಕು. ಎಷ್ಟು ಜನ, ಎಷ್ಟು ತೂಕ ಎಂಬ ಫಲಕವೂ ಅದರಲ್ಲಿರಬೇಕು. 20 ಅಡಿ ಮತ್ತು ಅದಕ್ಕಿಂತ ದೊಡ್ಡ ದೋಣಿಗೆ ಈ ಎರಡೂ ಕಡ್ಡಾಯವಲ್ಲ! ಅಂದರೆ ನಾವು ಮಾತಾಡುತ್ತಿರುವ ಗಾತ್ರ ಸರಿಯಾಗಿ ನಿಯಮದ ಆಚೆಗೆ ಬೀಳುತ್ತದೆ. ಕೊಳ್ಳುವವನೇ ಕೇಳಿ ತಿಳಿಯಬೇಕು.

ಇದರ ಬೆಲೆ ತಿಳಿಸುವ ಘಟನೆಯೊಂದು 2009ರ ಫೆಬ್ರುವರಿ 28ರಂದು ನಡೆಯಿತು. ಫ್ಲಾರಿಡಾದ ಕ್ಲಿಯರ್‌ವಾಟರ್‌ನಿಂದ ನಾಲ್ವರು ಗೆಳೆಯರು 21 ಅಡಿಯ ದೋಣಿಯಲ್ಲಿ ಮೀನು ಹಿಡಿಯಲು ಬಹುದೂರ ಹೋದರು. ನಾಲ್ವರೂ ಫುಟ್‌ಬಾಲ್ ಆಡಿ ಪಳಗಿದ ಗಟ್ಟಿ ಆಳುಗಳು. ಹೊರಡುವಾಗ ಲಂಗರು ತಳದಲ್ಲಿ ಸಿಕ್ಕಿಕೊಂಡಿತು. ಹಗ್ಗವನ್ನು ದೋಣಿಯ ಹಿಂಬದಿಗೆ ಕಟ್ಟಿ ಎಂಜಿನಿನ ಬಲದಿಂದ ಕಿತ್ತುಕೊಳ್ಳಲು ನೋಡಿದರೆಂದು ಅಲ್ಲಿನ ಸರ್ಕಾರಿ ತನಿಖೆ ಹೇಳಿತು. ಮುಂದಕ್ಕೆ ಎಂಜಿನಿನ ನೂಕು, ಕೆಳಕ್ಕೆ ಹಗ್ಗದ ಜಗ್ಗು. ಮೊದಲೇ ಭಾರವಾದ ಹಿಂಬದಿ ತಗ್ಗಿ, ನೀರು ನುಗ್ಗಿ, ದೋಣಿ ಮಗುಚಿತು. ಮಗುಚಿದ ದೋಣಿ ಮುಳುಗಲಿಲ್ಲ. ಅದರ ತಳವನ್ನು ಹಿಡಿದುಕೊಂಡಿದ್ದ ಒಬ್ಬ ಯುವಕ ಸುಮಾರು 40 ಗಂಟೆಗಳ ಬಳಿಕ ಕರಾವಳಿ ಕಾವಲು ಪಡೆಗೆ ಜೀವಂತ ಸಿಕ್ಕಿದ. ಚಳಿ ಮತ್ತು ಅಲೆಗೆ ಸಿಕ್ಕಿದ ಉಳಿದ ಮೂವರು ಸಿಗಲೇ ಇಲ್ಲ.

ಇಲ್ಲಿ ಎರಡು ಪಾಠಗಳಿವೆ. ಒಡಲೊಳಗಿನ ತೇಲುಬಲ ಒಂದು ಪ್ರಾಣ ಉಳಿಸಿತು. ಆದರೆ ಒಳ್ಳೆಯ ದೋಣಿಯೂ ತಪ್ಪು ಗಂಟನ್ನು ಕ್ಷಮಿಸುವುದಿಲ್ಲ. ಲಂಗರಿನ ಹಗ್ಗ ಮೂತಿಗೇ ಇರಬೇಕು. ಸಿಕ್ಕಿಕೊಂಡರೆ ಕತ್ತರಿಸಬೇಕು. ಲಂಗರು ಮತ್ತೊಂದು ಸಿಕ್ಕೀತು.

ಹತ್ತುವ ಮುನ್ನ

ನಮ್ಮ ಕರಾವಳಿಗೂ ಈ ನೋವು ಹೊಸದಲ್ಲ. 2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ದೋಣಿ ಯಾವುದೇ ಇರಲಿ, ಹತ್ತುವವರು ಕೇಳಬೇಕಾದ ಪ್ರಶ್ನೆಗಳು ಇವೇ. ಎಷ್ಟು ಜನರಿಗೆಂದು ಮಾಡಿದ ದೋಣಿ ಇದು? ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇದೆಯೇ, ತೊಟ್ಟಿದ್ದಾರೆಯೇ? ಎಲ್ಲಿಗೆ ಹೋಗುತ್ತೇವೆ, ಎಷ್ಟಕ್ಕೆ ಮರಳುತ್ತೇವೆ ಎಂದು ದಡದಲ್ಲಿ ಯಾರಿಗಾದರೂ ಗೊತ್ತಿದೆಯೇ? ನೀರಿನಲ್ಲಿ ಜನರಿರುವಾಗ ಎಂಜಿನ್ ನಿಲ್ಲಿಸುತ್ತಾರೆಯೇ? ಓಡಿಸುವವನು ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಅವನ ಮೈಗೆ ಕಟ್ಟುವ ಹಗ್ಗವಿದೆಯೇ? ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ದೋಣಿಗಳ ವಿಷಯದಲ್ಲಿ 2021ರ ಏಪ್ರಿಲ್‌ನಿಂದ ಈ ಹಗ್ಗದ ಬಳಕೆಗೆ ಕಾನೂನೇ ಬಂದಿದೆ.

ಬಣ್ಣ, ವೇಗ, ಮೆತ್ತನೆಯ ಆಸನ ಇವೆಲ್ಲ ಒಳ್ಳೆಯ ದಿನದ ಸಂಗತಿಗಳು. ಒಳ್ಳೆಯ ದಿನದಲ್ಲಿ ಎಲ್ಲ ದೋಣಿಗಳೂ ಒಳ್ಳೆಯವೇ. ಕೆಟ್ಟ ದಿನವನ್ನು ಮನಸ್ಸಿನಲ್ಲಿಟ್ಟು ಆರಿಸಿದ ದೋಣಿ ಮಾತ್ರ ಮನೆಗೆ ಮರಳಿ ತರುತ್ತದೆ. ಮಕ್ಕಳು ಈ ಪ್ರಶ್ನೆಗಳನ್ನು ಕೇಳಲು ನಾಚಬೇಕಿಲ್ಲ. ಕೇಳುವುದನ್ನು ಕಲಿಸುವುದು ಹಿರಿಯರ ಕೆಲಸ.