ಹವಳ ಕತ್ತರಿಸಿದರೆ ಎರಡಾಗುತ್ತೆ!

ಗುಲಾಬಿ ಕಡ್ಡಿ ನೆಟ್ಟರೆ ಹೊಸ ಗಿಡ ಬರುತ್ತೆ ಅಂತ ನಮಗೆಲ್ಲ ಗೊತ್ತು. ಹವಳ ಗಿಡ ಅಲ್ಲ, ಪ್ರಾಣಿ. ಆದರೂ ಅಲ್ಲೂ ಇದೇ ಟ್ರಿಕ್ ನಡೆಯುತ್ತೆ! ಹವಳದ ಕೊಂಬೆ ಅಂದರೆ ಪಾಲಿಪ್ ಎಂಬ ಪುಟ್ಟ ಜೀವಿಗಳ ಕಾಲೊನಿ. ತುಂಡಿನಲ್ಲಿ ಕೆಲವು ಪಾಲಿಪ್ ಜೀವಂತ ಉಳಿದರೆ ಅದು ಮತ್ತೆ ಬೆಳೆಯಬಲ್ಲದು. ಅಮೆರಿಕ, ಯುರೋಪಿನಲ್ಲಿ ಮನೆಯಲ್ಲೇ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಇದನ್ನು 'ಫ್ರ್ಯಾಗಿಂಗ್' ಅಂತಾರೆ.

ಟೂಲ್ಸ್ ಏನು? ಕವಲೊಡೆದ ಅಕ್ರೋಪೊರಾ ಹವಳಕ್ಕೆ ಬೋನ್ ಕಟರ್ ಸಾಕು. ಮಿದುಳಿನಂತೆ ಉಂಡೆಯಾಗಿರುವ ಹವಳಕ್ಕೆ ವಜ್ರದ ಪುಡಿ ಕೂರಿಸಿದ ಬ್ಲೇಡಿನ ಬ್ಯಾಂಡ್ ಸಾ ಬೇಕು. ಕೊಯ್ಯುವಾಗ ಬ್ಲೇಡ್ ಮೇಲೆ ನೀರು ಹರಿಯುತ್ತಿರಬೇಕು, ಇಲ್ಲದಿದ್ದರೆ ಅದು ಬಿಸಿಯಾಗುತ್ತೆ. ಆಮೇಲೆ ತುಂಡನ್ನು ಟ್ಯಾಂಕಿನ ನೀರಲ್ಲೇ ತೊಳೆದು, ಸೆರಾಮಿಕ್ ಪ್ಲಗ್ ಮೇಲೆ ಸೈಯನೋಅಕ್ರಿಲೇಟ್ ಜೆಲ್‌ನಿಂದ ಅಂಟಿಸ್ತಾರೆ. ಹೌದು, ನಮ್ಮ ಫೆವಿಕ್ವಿಕ್ ಜಾತಿಯದೇ ಅಂಟು! ತೇವ ತಾಗಿದರೇನೇ ಅದು ಗಟ್ಟಿಯಾಗೋದು.

ಒಂದು ಎಚ್ಚರಿಕೆ: ಹವಳದ ಸಂಬಂಧಿಗಳಾದ ಕೆಲವು ಜೊವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತೆ. ಗ್ಲೌಸ್, ರಕ್ಷಣಾ ಕನ್ನಡಕ ಇಲ್ಲದೆ ಅವನ್ನು ಮುಟ್ಟಬಾರದು. ಅವು ಅಂಟಿದ ಕಲ್ಲನ್ನು ಕುದಿಸಲೇಬಾರದು, ಆವಿ ಕುಡಿದವರು ಆಸ್ಪತ್ರೆ ಸೇರಿದ್ದಾರೆ.

ಹಾಸ್ಟೆಲ್ ರೂಮಲ್ಲೂ ಮಾಡೋಣ ಅನ್ಕೊಂಡ್ರಾ? ತಡೀರಿ! ನಮ್ಮಲ್ಲಿ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗಿರುವಂಥದೇ ಮೊದಲ ಪರಿಶಿಷ್ಟದ ರಕ್ಷಣೆ ಇದೆ. ಸಮುದ್ರದಿಂದ ಕಿತ್ತರೂ ಅಪರಾಧ, ಮಾರಿದರೂ ಅಪರಾಧ. ಆದರೆ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ವಿಜ್ಞಾನಿಗಳು ಇದೇ ತತ್ವದಿಂದ, ಹವಳದ ತುಂಡುಗಳನ್ನು ಕಾಂಕ್ರೀಟ್ ಚೌಕಟ್ಟಿಗೆ ಕಟ್ಟಿ, ಹಾಳಾದ ದಿಬ್ಬಗಳನ್ನು ಮತ್ತೆ ಬೆಳೆಸಿದ್ದಾರೆ. ನಾವು ಕಲಿಯೋದಾದರೆ ಆ ಕೆಲಸಕ್ಕೇ ಕಲಿಯೋಣ.