ಬನವೂ ಬಡಾವಣೆಯೂ

ದೆಹಲಿಯಲ್ಲಿ ನಾಲ್ವರು ಕನ್ನಡಿಗರು ಒಂದೆಡೆ ಸೇರಿದರೆ, ಮಾತು ಕಾಫಿಪುಡಿಯಿಂದ ಆರಂಭವಾಗಿ ಮನೆ-ನಿವೇಶನಗಳಲ್ಲಿ ಮುಗಿಯುವುದುಂಟು. ಯಾವ ಸೆಕ್ಟರಿನಲ್ಲಿ ಮನೆ ಅಗ್ಗ, ಮೆಟ್ರೋ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನೀರಿಗೆ ತೊಂದರೆ ಎಂಬುವೇ ವಿಚಾರಗಳು. ಇದರಲ್ಲಿ ತಪ್ಪೇನೂ ಇಲ್ಲ. ಪರಸ್ಥಳಕ್ಕೆ ಬಂದವರಿಗೆ ತಲೆಯ ಮೇಲೊಂದು ಸ್ವಂತ ಸೂರು ಬೇಕೆನಿಸುವುದು ಸಹಜವೇ. ಆದರೆ ಬಯಲಿನಲ್ಲಿ ಹೊಸ ಪಟ್ಟಣವನ್ನು ಕಟ್ಟಹೊರಟಾಗ ಪಕ್ಕದ ನಗರದ ಜನ 'ಬೇಡ' ಎಂದು ಏಕೆ ಎದ್ದು ನಿಲ್ಲುತ್ತಾರೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ನಮ್ಮ ಮನೆಗಳ ಹತ್ತಿರವೇ ನಡೆದಿರುವ ಅಂಥದೊಂದು ಪ್ರಸಂಗವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವೂ ಹೊಸ ಊರಿನವರೇ

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರು ವಾಸವಾಗಿರುವುದು ನಿನ್ನೆ ಮೊನ್ನೆ ಹೊಲಗಳಾಗಿದ್ದ ನೆಲದ ಮೇಲೆ. 1962ರಲ್ಲಿ ದೆಹಲಿಗೆ ಮೊದಲನೆಯ ಮಹಾಯೋಜನೆ ಸಿದ್ಧವಾದಾಗ, ನಗರದ ಸುತ್ತ ಒಂದು ಮೈಲಿಯಷ್ಟು ಅಗಲದ ಹಸಿರು ಪಟ್ಟಿಯನ್ನು ಹಾಗೆಯೇ ಉಳಿಸಬೇಕೆಂದೂ, ಹೆಚ್ಚಿದ ಜನಸಂಖ್ಯೆ ಅದರಾಚೆಯ ಗಾಜಿಯಾಬಾದ್, ಫರೀದಾಬಾದ್, ಗುಡಗಾಂವ್ ಮೊದಲಾದ ಊರುಗಳಿಗೆ ಹಂಚಿಹೋಗಬೇಕೆಂದೂ ಗೊತ್ತುಮಾಡಿದ್ದರು. ಊರುಗಳು ಬೆಳೆದುವು, ಹಸಿರು ಪಟ್ಟಿ ಮಾತ್ರ ಕರಗುತ್ತ ಹೋಯಿತು. 1975ರಲ್ಲಿ ಹರಿಯಾಣ ಸರಕಾರವು ಖಾಸಗಿಯವರು ಬಡಾವಣೆ ಕಟ್ಟುವುದನ್ನು ಕ್ರಮಪಡಿಸುವ ಕಾಯಿದೆ ಮಾಡಿತು. 1976ರ ಏಪ್ರಿಲಿನಲ್ಲಿ ಯಮುನೆಯ ಆಚೆ ನೋಯ್ಡಾ ಹುಟ್ಟಿತು. ಈ ಊರುಗಳಿಲ್ಲದಿದ್ದರೆ ನಮ್ಮಂಥವರಿಗೆ ಇಲ್ಲಿ ಠಾವು ಎಲ್ಲಿತ್ತು? ಆದುದರಿಂದ ಹೊಸ ಪಟ್ಟಣವೆಂದರೆ ಕೆಡುಕು ಎಂದು ಸಾರಾಸಗಟಾಗಿ ಹೇಳುವ ಹಕ್ಕು ನಮಗಿಲ್ಲ. ಪ್ರಶ್ನೆ ಇರುವುದು, ಯಾವ ನೆಲದ ಮೇಲೆ ಎಂಬುದರಲ್ಲಿ.

ಮಾಂಗರ್ ಬನಿ

ಗುಡಗಾಂವಿನಿಂದ (2016ರಿಂದ ಈಚೆಗೆ ಅದು ಗುರುಗ್ರಾಮ) ಫರೀದಾಬಾದಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಮಾಂಗರ್ ಎಂಬ ಹಳ್ಳಿಯಿದೆ. ಅರಾವಳಿಯ ತಗ್ಗುಗುಡ್ಡಗಳ ನಡುವೆ, ಕಣಿವೆಯಲ್ಲಿ, ಹಳ್ಳಿಯವರು 'ಬನಿ' ಎನ್ನುವ ಕಾಡಿದೆ. ಮಾತು ಕೇಳಿದೊಡನೆ ನಮ್ಮ 'ಬನ' ನೆನಪಾಗುವುದಲ್ಲವೇ? ಎರಡೂ ಸಂಸ್ಕೃತದ 'ವನ'ದಿಂದಲೇ ಬಂದುವು. ಅರ್ಥವೂ ಹೆಚ್ಚುಕಡಮೆ ಅದೇ. ಕರಾವಳಿಯ ನಾಗಬನದಂತೆ, ಕೊಡಗಿನ ದೇವರಕಾಡಿನಂತೆ ಇದೂ ದೈವಕ್ಕೆ ಬಿಟ್ಟ ಕಾಡು. ಇಲ್ಲಿ ನೆಲೆಸಿದ್ದನೆಂದು ನಂಬಲಾದ ಗುದಡಿಯಾ ದಾಸ್ ಬಾಬಾ ಎಂಬ ಸಾಧುವಿನ ಹೆಸರಿನಲ್ಲಿ ಮಾಂಗರ್, ಬಂಧವಾಡಿ, ಬಲಿಯಾವಾಸ್ ಎಂಬ ಮೂರು ಹಳ್ಳಿಗಳ ಗುಜ್ಜರರು ತಲೆಮಾರುಗಳಿಂದ ಇದನ್ನು ಕಾಪಾಡಿಕೊಂಡು ಬಂದಿದ್ದಾರೆ. ಇಲ್ಲಿ ಕೊಂಬೆ ಮುರಿದವನಿಗೆ ಕೇಡು ತಪ್ಪದೆಂಬುದು ಅವರ ನಂಬಿಕೆ.

ಈ ಕಾಡಿನ ಮುಖ್ಯ ಮರ ಧೌ. ಬಲು ನಿಧಾನವಾಗಿ ಬೆಳೆಯುವ ಜಾತಿ. ಬಂಡೆಯ ಸಂದಿನಲ್ಲಿಯೂ ಬೇರೂರುತ್ತದೆ; ಆಡು-ದನ ಮೇಯ್ದರೆ ನೆಲಕ್ಕಂಟಿ ಚಾಪೆಯಂತೆ ಹರಡಿಕೊಳ್ಳುತ್ತದೆ; ತಂಟೆಗೆ ಹೋಗದೆ ಬಿಟ್ಟರೆ ಮರವಾಗಿ ನಿಲ್ಲುತ್ತದೆ. ಸುತ್ತಲಿನ ಬೋಳುಗುಡ್ಡಗಳು ಮನುಷ್ಯನ ಕೈ ಬೀಳದಿದ್ದರೆ ಹೇಗಿರುತ್ತಿದ್ದುವು ಎಂಬುದಕ್ಕೆ ಬನಿ ಮಾದರಿಯಂತಿದೆ. ಚಿರತೆ ಇಲ್ಲಿ ಈಗಲೂ ಉಂಟು. ಶಿಲಾಯುಗದ ಕಲ್ಲಿನ ಉಪಕರಣಗಳೂ ಗುಹಾಚಿತ್ರಗಳೂ ಮಾಂಗರಿನ ಸುತ್ತ ದೊರೆತ ಸುದ್ದಿ 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತು.

ಇಲ್ಲಿನ ಬಂಡೆಗಳಲ್ಲಿ ಬಿರುಕುಗಳು ಹೇರಳ. ಬಿದ್ದ ಮಳೆ ಆ ಬಿರುಕುಗಳ ಮೂಲಕ ಇಳಿದು ಅಂತರ್ಜಲವಾಗುತ್ತದೆ. ನಮ್ಮ ಬಡಾವಣೆಗಳ ಕೊಳವೆಬಾವಿಗಳು ಕುಡಿಯುವುದು ಇಂಥ ನೀರನ್ನೇ. ಪಶ್ಚಿಮದಿಂದ ಬರುವ ಮರುಭೂಮಿಯ ಧೂಳಿಗೂ ಈ ಗುಡ್ಡಸಾಲು ತಡೆ. ದೆಹಲಿಯ 'ರಿಜ್' ಎಂಬ ಏಣು, ರಾಷ್ಟ್ರಪತಿ ಭವನ ನಿಂತಿರುವ ರಾಯ್‌ಸೀನಾ ಗುಡ್ಡ, ಎಲ್ಲವೂ ಇದೇ ಅರಾವಳಿಯ ಬಾಲ.

ದಫ್ತರದಲ್ಲಿ ಕಾಣದ ಕಾಡು

ಇಂಥ ಕಾಡಿಗೆ ಕಂದಾಯದ ದಫ್ತರದಲ್ಲಿರುವ ಹೆಸರು 'ಗೈರ್ ಮುಮ್ಕಿನ್ ಪಹಾಡ್'. ಎಂದರೆ, ಸಾಗುವಳಿಗೆ ಒದಗದ ಗುಡ್ಡ. ನಮ್ಮ ಪಹಣಿಗಳಲ್ಲಿ ಬರುವ 'ಖರಾಬು' ಎಂಬ ಮಾತಿನ ಅಣ್ಣನೇ ಇದು! ಉಳಲು ಬಾರದ್ದೆಲ್ಲ ಖರಾಬು. ಖರಾಬಾದದ್ದನ್ನು ಯಾರಿಗೆ ಕೊಟ್ಟರೇನು ಎಂಬ ತರ್ಕ ಎಲ್ಲೆಡೆಯೂ ಒಂದೇ. ನಮ್ಮ ಕಡೆಯ ಗೋಮಾಳಗಳು ಎಷ್ಟೋ ಹೋದುದು ಹೀಗೆಯೇ. ಹಿಂದೆ ಈ ಗುಡ್ಡಗಳು ಊರೊಟ್ಟಿನ ಆಸ್ತಿಯಾಗಿದ್ದುವು. ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ಅವು ಪಾಲಾಗಿ, ವ್ಯಕ್ತಿಗಳ ಹೆಸರಿಗೆ ಬಂದು, ಬಹುಭಾಗ ಹೊರಗಿನವರ ಕೈಗೆ ಮಾರಾಟವಾದುವು. ಬನಿಯೊಳಗಿನ ನೆಲವೂ ಕಾಗದದ ಮೇಲೆ ಖಾಸಗಿಯಾಯಿತು.

2012ರ ಸುಮಾರಿಗೆ 'ಮಾಂಗರ್ ಅಭಿವೃದ್ಧಿ ಯೋಜನೆ 2031' ಎಂಬ ಕರಡು ಹೊರಬಿದ್ದಾಗ ಆತಂಕ ಎದ್ದಿತು. ಇದರಿಂದ ಬನಿಯ ಸುತ್ತ ಕಟ್ಟಡಗಳಿಗೆ ದಾರಿ ತೆರೆಯುವುದೆಂದು ಹಳ್ಳಿಯ ಕೆಲವರು, ಪರಿಸರತಜ್ಞರು, ಗುಡಗಾಂವ್-ದೆಹಲಿಯ ನಾಗರಿಕರು ಕೂಡಿ ವಿರೋಧಿಸಿದರು. ಇಲ್ಲಿ ಗಮನಿಸಬೇಕಾದುದು, ಆ ನಾಗರಿಕರಲ್ಲಿ ಅನೇಕರು ಹೊಸ ಬಡಾವಣೆಗಳಲ್ಲಿ ಮನೆ ಕೊಂಡು ಬಂದವರೇ! ಕರಡು ಮುಂದುವರಿಯಲಿಲ್ಲ. 2016ರಲ್ಲಿ ಹರಿಯಾಣ ಸರಕಾರವು ಬನಿಯ 677 ಎಕರೆಯನ್ನೂ ಅದರ ಸುತ್ತ 500 ಮೀಟರ್ ಅಂಚನ್ನೂ ಕಟ್ಟಡ ನಿಷಿದ್ಧ ವಲಯವೆಂದು ನಿರ್ಧರಿಸಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ

ಇಷ್ಟಕ್ಕೆ ಕಥೆ ಮುಗಿಯಲಿಲ್ಲ. ಈ ಗುಡ್ಡಗಳಿಗೆ ಬೇಲಿಯಾಗಿರುವುದು 1900ರ ಪಂಜಾಬ್ ಭೂಸಂರಕ್ಷಣಾ ಕಾಯಿದೆ. ಗುಡ್ಡದ ಮಣ್ಣು ಕೊಚ್ಚಿಹೋಗದಿರಲೆಂದು ಬ್ರಿಟಿಷರ ಕಾಲದಲ್ಲಿ ಮಾಡಿದ್ದು. ಇದೇ ಕಾಯಿದೆಯ ಆಧಾರದ ಮೇಲೆ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 11ರಂದು, ಸೂರಜ್‌ಕುಂಡದ ಬಳಿಯ ಕಾಂತ್ ಎನ್‌ಕ್ಲೇವ್ ಎಂಬ ಬಡಾವಣೆಯಲ್ಲಿ 1992ರ ಅಧಿಸೂಚನೆಯ ತರುವಾಯ ಎದ್ದ ಮನೆಗಳನ್ನು ಕೆಡವಬೇಕೆಂದೂ, ನಿವೇಶನ ಕೊಂಡವರಿಗೆ ಹಣವನ್ನು ಬಡ್ಡಿಸಮೇತ ಹಿಂತಿರುಗಿಸಬೇಕೆಂದೂ ತೀರ್ಪಿತ್ತಿತು. ಕೆಲವೇ ತಿಂಗಳಲ್ಲಿ, 2019ರ ಫೆಬ್ರುವರಿ 27ರಂದು, ಹರಿಯಾಣದ ವಿಧಾನಸಭೆ ಆ ಕಾಯಿದೆಗೇ ತಿದ್ದುಪಡಿ ತಂದಿತು. ಗುರುಗ್ರಾಮದ ಜನ ಮಕ್ಕಳು-ಮರಿಗಳೊಡನೆ ಬೀದಿಗಿಳಿದರು. ಮಾರ್ಚ್ 1ರಂದು ಕೋರ್ಟು, ತನ್ನ ಅನುಮತಿಯಿಲ್ಲದೆ ತಿದ್ದುಪಡಿಯಂತೆ ನಡೆಯಕೂಡದೆಂದು ತಡೆಯಿತು. 2022ರ ಜುಲೈ 21ರಂದು, ಈ ಕಾಯಿದೆಯ 4ನೆಯ ಕಲಮಿನ ವಿಶೇಷ ಆಜ್ಞೆಗೊಳಪಟ್ಟ ನೆಲವೆಲ್ಲ ಅರಣ್ಯವೇ ಎಂದು ಸ್ಪಷ್ಟಪಡಿಸಿತು.

2025ರಲ್ಲಿ ಇನ್ನೊಂದು ಸುತ್ತು. ಸುತ್ತಲಿನ ನೆಲಕ್ಕಿಂತ 100 ಮೀಟರ್ ಎತ್ತರವಿದ್ದರೆ ಮಾತ್ರ ಅರಾವಳಿಯ ಗುಡ್ಡ ಎಂಬ ವ್ಯಾಖ್ಯೆಯನ್ನು ನವೆಂಬರ್ 20ರಂದು ಕೋರ್ಟು ಒಪ್ಪಿತು. ತಗ್ಗುಗುಡ್ಡಗಳ ಗತಿಯೇನು ಎಂದು ಹರಿಯಾಣ, ರಾಜಸ್ಥಾನಗಳಲ್ಲಿ ಕೂಗೆದ್ದಿತು. ಡಿಸೆಂಬರ್ 29ರಂದು ಕೋರ್ಟೇ ತನ್ನ ಆ ಆದೇಶವನ್ನು ತಡೆಹಿಡಿಯಿತು.

ಸ್ಟೀವನೇಜಿನ ಪಾಠ

ವಿರೋಧವೆಲ್ಲ ನ್ಯಾಯವಾದುದೇ? ಹಾಗೆನ್ನಲಾಗದು. ಎರಡನೆಯ ಮಹಾಯುದ್ಧದ ತರುವಾಯ, ಮನೆ ಕಳೆದುಕೊಂಡ ಲಂಡನ್ನಿಗರಿಗಾಗಿ ಸ್ಟೀವನೇಜ್ ಎಂಬ ಸಣ್ಣ ಊರಿನ ಸುತ್ತಲ ಹೊಲಗಳಲ್ಲಿ ಹೊಸ ಪಟ್ಟಣ ಕಟ್ಟಲು ಅಲ್ಲಿನ ಸರಕಾರ ಹೊರಟಿತು. 1946ರಲ್ಲಿ ಮಂತ್ರಿ ಲೂಯಿಸ್ ಸಿಲ್ಕಿನ್ ಅಲ್ಲಿಗೆ ಹೋದಾಗ ಸಭೆಯಲ್ಲಿ ಗದ್ದಲವಾಯಿತು. ಅವರ ಕಾರಿನ ಚಕ್ರದ ಗಾಳಿ ಬಿಟ್ಟರು. ರೈಲು ನಿಲ್ದಾಣದ ಹಲಗೆಯ ಮೇಲೆ 'ಸಿಲ್ಕಿನ್‌ಗ್ರಾಡ್' ಎಂದು ಬರೆದರು! ಆದರೂ ಪಟ್ಟಣ ಎದ್ದಿತು, ಸಾವಿರಾರು ಸಂಸಾರಗಳಿಗೆ ಮನೆಯಾಯಿತು. ಮನೆಯಿದ್ದವರ 'ಬೇಡ' ಎಂಬ ಮಾತು ಮನೆಯಿಲ್ಲದವರಿಗೆ ಬೇರೆಯಾಗಿ ಕೇಳಿಸುತ್ತದೆ.

ನಮ್ಮಲ್ಲಿಯೂ ಇದರ ಕಹಿ ಉಂಟು. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟು ಇತ್ತ ಆಜ್ಞೆಯಂತೆ, ಅರಣ್ಯದ ನೆಲವೆಂದು, ಫರೀದಾಬಾದಿನ ಖೋರಿ ಗಾಂವಿನ ಸುಮಾರು 10,000 ಮನೆಗಳನ್ನು ತೆರವು ಮಾಡತೊಡಗಿದರು. ಅಲ್ಲಿದ್ದವರು ಬಹುಮಟ್ಟಿಗೆ ಕೂಲಿಕಾರರು, ಮನೆಗೆಲಸದವರು. ದಲ್ಲಾಳಿಗಳ ಮಾತು ನಂಬಿ ತುಂಡು ನೆಲ ಕೊಂಡವರು. ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ದೂರದಿಂದ ಬಂದವರು. ಅದೂ ಕೊರೋನಾದ ಕಾಲ, ಮಳೆಗಾಲ. ಕಾಡು ಉಳಿಯಬೇಕು, ಸರಿ. ಆದರೆ ಬಡವನ ಗುಡಿಸಿಲು ಮೊದಲು ಬಿದ್ದು, ಉಳ್ಳವರ ತೋಟದ ಮನೆ ಕೊನೆಯವರೆಗೂ ನಿಂತಿದ್ದರೆ ಅದನ್ನು ನ್ಯಾಯವೆನ್ನುವುದು ಹೇಗೆ? ಮನೆಗಳಿಗೆ ಯೋಗ್ಯವಾದ ನೆಲವನ್ನು ಕೈಗೆಟುಕುವ ಬೆಲೆಗೆ ಒದಗಿಸದೆ, ಅಯೋಗ್ಯವಾದ ನೆಲದಿಂದ ಜನರನ್ನು ಅಟ್ಟುವುದು ಅರ್ಧ ಕೆಲಸ.

ನಾವು ಮಾಡಬಹುದಾದುದು

ಹೊಸ ಪಟ್ಟಣ ಬೇಕು. ನೀರಿನ ಮೂಲದ ಮೇಲೆ ಬೇಡ ಎಂಬುದು ನಮಗೆ ಕಾಣುವ ನಡುದಾರಿ. ಕಟ್ಟಿದ ಊರನ್ನು ಇನ್ನಷ್ಟು ಎತ್ತರಿಸಬಹುದು, ಪಾಳುಬಿದ್ದ ಕಾರಖಾನೆಯ ನೆಲವನ್ನು ಬಳಸಬಹುದು; ಬಿರುಕುಬಂಡೆಯ ಗುಡ್ಡವನ್ನು ಮತ್ತೊಂದೆಡೆ ಹುಟ್ಟಿಸಲಾಗದು.

ನಮ್ಮ ಸಂಸಾರಗಳ ಮಟ್ಟಿಗೆ ಎರಡು ಮಾತು. ಗುರುಗ್ರಾಮ-ಫರೀದಾಬಾದ್ ಕಡೆ 'ಗುಡ್ಡದ ನೋಟ' ಎಂದು ಯಾರಾದರೂ ನಿವೇಶನ ಮಾರಲು ಬಂದರೆ ಕಂದಾಯದ ದಾಖಲೆಯಲ್ಲಿ 'ಗೈರ್ ಮುಮ್ಕಿನ್ ಪಹಾಡ್' ಎಂದಿದೆಯೇ, 1900ರ ಕಾಯಿದೆಯ ಆಜ್ಞೆ ಉಂಟೇ ಎಂದು ತಿಳಿದ ವಕೀಲರಿಂದ ನೋಡಿಸಬೇಕು. ಜೀವಮಾನದ ಉಳಿತಾಯ ಹಾಕಿ, ಬಡ್ಡಿಸಮೇತ ಹಣ ಬಂದೀತೆಂದು ಕಾಯುವ ಪಾಡು ಯಾರಿಗೂ ಬೇಡ. ಎರಡನೆಯದು, ಮಕ್ಕಳನ್ನು ಒಂದು ಚಳಿಗಾಲದ ಭಾನುವಾರ ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನಕ್ಕೆ ಕರೆದೊಯ್ಯಬೇಕು. ಕಲ್ಲುಗಣಿಯಾಗಿದ್ದ ಆ ನೆಲದಲ್ಲಿ ನಾಗರಿಕರು 2010ರಿಂದ ಧೌ ಮೊದಲಾದ ನಾಡಗಿಡಗಳನ್ನು ನೆಟ್ಟು ಕಾಡು ಎಬ್ಬಿಸಿದ್ದಾರೆ.

ಹಿತ್ತಲ ಗಿಡ ಮದ್ದಲ್ಲವೆಂಬಂತೆ, ನಾವು ಸಹ್ಯಾದ್ರಿಯನ್ನು ನೆನೆದು ನಿಟ್ಟುಸಿರಿಡುತ್ತೇವೆ. ಪಕ್ಕದ ಅರಾವಳಿಯನ್ನು ನೋಡುವುದಿಲ್ಲ. ನೀರು ಕುಡಿಯುತ್ತಿರುವುದು ಈ ಊರಿನದು, ಮಕ್ಕಳು ಬೆಳೆಯುತ್ತಿರುವುದು ಈ ಗಾಳಿಯಲ್ಲಿ. ದೇವರಕಾಡಿನ ನಾಡಿನಿಂದ ಬಂದ ನಮಗೆ ಬನಿಯನ್ನು ಕಾಯುವ ಗುಜ್ಜರರ ಮನಸ್ಸು ಅರ್ಥವಾಗದ ವಿಷಯವಲ್ಲ. ಅವರ ಮಾತಿಗೆ ನಮ್ಮ ದನಿಯೂ ಸೇರಿದರೆ, ಇದು ನಮ್ಮ ಊರೂ ಹೌದೆಂದು ಹೇಳಿಕೊಳ್ಳಲು ನಮಗೆ ನಿಜವಾದ ಹಕ್ಕು ಬಂದೀತು.